ಕಂಬಣ್ಣ ತನಗಾಗಿ ನಿಂತ ದಿನ

ಕಂಬಣ್ಣನ ಕೆಲಸ ನಿಲ್ಲುವುದು. ಇದನ್ನು ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಎಷ್ಟು ಸಿಗುತ್ತದೆ ಎಂದು ಕೇಳುತ್ತಾರೆ, ಅದನ್ನು ಹೇಳಿದ ಮೇಲೆ ಮತ್ತೆ ನಗುವುದಿಲ್ಲ. ಪಾಸ್‌ಪೋರ್ಟ್ ಕಚೇರಿ, ದೊಡ್ಡ ಡಾಕ್ಟರ ಆಸ್ಪತ್ರೆ, ಹೊಸ ಫೋನು ಮಾರಾಟಕ್ಕೆ ಬರುವ ಅಂಗಡಿ, ಹೀಗೆ ಎಲ್ಲಿ ಸಾಲು ಇದೆಯೋ ಅಲ್ಲಿ ಬೇರೆಯವರ ಬದಲಿಗೆ ಅವನು ನಿಲ್ಲುತ್ತಾನೆ. ಅವರು ಮನೆಯಲ್ಲಿ ಮಲಗಿ, ಎದ್ದು, ಮಿಂದು, ತಿಂದು, ತಮ್ಮ ಸರದಿ ಹತ್ತಿರವಾದಾಗ ಬಂದು ಅವನ ಜಾಗದಲ್ಲಿ ಕಾಲಿಡುತ್ತಾರೆ.

ಮೊದಲು ಅವನು ಶೀಷೆ ಕಾರ್ಖಾನೆಯಲ್ಲಿದ್ದ. ಸಾಗುವ ಪಟ್ಟಿಯ ಮುಂದೆ ಹತ್ತೊಂಬತ್ತು ವರ್ಷ ನಿಂತು, ಒಂದೊಂದು ಶೀಷೆಯನ್ನೂ ಬೆಳಕಿಗೆ ಹಿಡಿದು ಬಿರುಕು ಹುಡುಕಿದ. ಕಾರ್ಖಾನೆಯವರಿಗೆ ಇನ್ನೂ ಅಗ್ಗದ ಕಣ್ಣುಗಳು ಬೇರೆ ದೇಶದಲ್ಲಿ ಸಿಕ್ಕವು. ಬೀಗ ಬಿತ್ತು. ಆ ನೆಲದಲ್ಲಿ ನಾಲ್ಕೇ ವರ್ಷಕ್ಕೆ ಮೂರು ಗೋಪುರಗಳು ಎದ್ದವು, ಅಡಿಯಿಂದ ಮುಡಿಯವರೆಗೆ ಗಾಜು. ಕಂಬಣ್ಣ ಹಾದುಹೋಗುವಾಗ ಅಭ್ಯಾಸಬಲದಿಂದ ಬಿರುಕು ಹುಡುಕುತ್ತಾನೆ, ಇರುವುದಿಲ್ಲ. ದೇಶ ಹೋದ ವರ್ಷಕ್ಕಿಂತ ಈ ವರ್ಷ ಶ್ರೀಮಂತವಾಯಿತು ಎಂದು ಪತ್ರಿಕೆ ಪ್ರತಿ ವರ್ಷವೂ ಬರೆಯುತ್ತದೆ. ಅವನು ಅದನ್ನು ನಂಬುತ್ತಾನೆ. ತನ್ನ ಪಾಲಿನದು ಅಂಚೆಯಲ್ಲಿ ಎಲ್ಲೋ ತಡವಾಗಿರಬೇಕು ಎಂದುಕೊಳ್ಳುತ್ತಾನೆ.

ಹೊಸ ಕಸುಬು ಸಿಕ್ಕಿದ್ದು ನಿರುದ್ಯೋಗಿಗಳ ಸಾಲಿನಲ್ಲಲ್ಲ, ಅದರ ಪಕ್ಕದ ಸಾಲಿನಲ್ಲಿ. ಅಲ್ಲಿ ಕಾರಿನ ಪರವಾನಗಿಗೆ ನಿಂತಿದ್ದ ಒಬ್ಬ ಯುವಕ ಗಡಿಯಾರ ನೋಡಿ ನೋಡಿ ಬೇಸತ್ತು, "ನೀವು ಸ್ವಲ್ಪ ನಿಂತಿರ್ತೀರಾ, ನಿಮಗೇನೂ ಕೆಲಸ ಇಲ್ಲ ಅಲ್ವಾ?" ಎಂದು ಕೈಗೆ ಒಂದು ನೋಟು ತುರುಕಿ ಹೋದ. ಸಂಜೆ ಹೆಂಡತಿ ಆ ನೋಟನ್ನು ದೀಪಕ್ಕೆ ಹಿಡಿದು ನೋಡಿ, "ಇಷ್ಟು ದಿನ ಕೆಲಸ ಇಲ್ಲದೆ ನಿಂತಿದ್ರಿ, ಈಗ ನಿಲ್ಲೋದೇ ಕೆಲಸ ಆಯ್ತು" ಎಂದಳು. ಊರಿನಲ್ಲಿ ದುಡ್ಡಿದ್ದು ಹೊತ್ತಿಲ್ಲದವರು ಅಷ್ಟು ಮಂದಿ ಹುಟ್ಟಿಕೊಂಡಿದ್ದರು. ಹೊತ್ತಿದ್ದು ದುಡ್ಡಿಲ್ಲದವರಿಗಂತೂ ಬರವಿರಲಿಲ್ಲ.

ಇಪ್ಪತ್ತೆರಡು ವರ್ಷಗಳಲ್ಲಿ ಕಂಬಣ್ಣ ಈ ಕಸುಬಿಗೆ ಒಂದು ಶಿಸ್ತು ತಂದ. ಮಳೆ ಬರಲಿ, ಹೊಟ್ಟೆ ನೋಯಲಿ, ಜಾಗ ಬಿಟ್ಟು ಕದಲಬಾರದು. ಬಿಟ್ಟ ಜಾಗ ಬಿಟ್ಟದ್ದೇ, ಹೋದವನು ಬಾಲಕ್ಕೆ ಹೋಗಬೇಕು. ಗಿರಾಕಿ ಬಂದಾಗ ಎಡಕ್ಕೆ ಎರಡು ಹೆಜ್ಜೆ ಇಟ್ಟು, ಬಲಗೈ ಮುಂದೆ ಚಾಚಿ, "ಬನ್ನಿ ಸಾರ್" ಎನ್ನಬೇಕು. ಹಿಂದಿನವರಿಗೆ ಗೊಣಗಲು ಎಡೆಯೇ ಇರಬಾರದು, ನೀರಿನೊಳಗೆ ಮೀನು ತಿರುಗಿದ ಹಾಗೆ ಆಗಬೇಕು. ಕಸುಬಿಗೆ ಹೊಸದಾಗಿ ಬಂದವರಿಗೆ ಅವನು ಈ ಎರಡು ಹೆಜ್ಜೆಯನ್ನು ರಸ್ತೆಬದಿಯಲ್ಲಿ ನಿಲ್ಲಿಸಿ ಕಲಿಸುತ್ತಿದ್ದ. ಕಂಬದ ಹಾಗೆ ನಿಲ್ಲುತ್ತಾನೆಂದು ಅವರೇ ಈ ಹೆಸರಿಟ್ಟದ್ದು.

ಅವನ ಮಗಳದು ಬೇರೆ ಕಥೆ. ಅವಳ ಹತ್ತಿರ ದುಡ್ಡೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಎರಡು ಪಾಳಿ ದುಡಿದು, ಗೋಪುರಗಳ ಹಿಂದಿನ ಬೀದಿಯಲ್ಲಿ ಮೆಟ್ಟಿಲ ಕೆಳಗಿನ ಒಂದು ಕೋಣೆ ಹಿಡಿದಿದ್ದಳು. ಆ ಕೋಣೆಯಲ್ಲಿ ಬಾಗಿಲು ತೆರೆಯಬೇಕಾದರೆ ಮಂಚ ಮಡಚಬೇಕು. ಬಾಡಿಗೆ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೂ ಅದನ್ನೇ ಹಿಡಿದದ್ದಕ್ಕೆ ಕಾರಣವಿತ್ತು. ಗೋಪುರಗಳದ್ದೋ ಆ ಬೀದಿಯದ್ದೋ ವಿಳಾಸ ಇದ್ದವರ ಮಕ್ಕಳಿಗೆ ಮಾತ್ರ ಗೋಪುರಗಳ ಪಕ್ಕದ ಸರ್ಕಾರಿ ಶಾಲೆಯಲ್ಲಿ ಸೇರಿಕೊಳ್ಳುವ ಹಕ್ಕು. ಶುಲ್ಕವಿಲ್ಲ. ಈಜುಕೊಳವಿದೆ, ಪುಸ್ತಕದ ಕೋಣೆಯಿದೆ, ತರಗತಿಗೊಬ್ಬರು ಟೀಚರ್ ಇದ್ದಾರೆ. ಒಂದನೇ ತರಗತಿಗೆ ನಲವತ್ತೇ ಜಾಗ, ಮೊದಲು ಬಂದವರಿಗೆ ಮೊದಲು. ಮೊಮ್ಮಗಳು ಪುಟ್ಟಿಗೆ ಈಗ ಆರು ವರ್ಷ.

"ಅಪ್ಪ, ಈ ಊರಲ್ಲಿರೋರಿಗೆಲ್ಲ ನಿಂತಿದ್ದೀಯ. ಒಂದು ದಿನ ನಮಗೆ ನಿಂತ್ಕೋ" ಎಂದಳು ಮಗಳು.

"ನೀನೇ ಒಂದು ದಿನ ರಜ ಹಾಕಬಾರದೇನಮ್ಮ?"

"ರಜ ಕೇಳಿದ್ರೆ ಕೆಲಸ ಹೋಗುತ್ತೆ. ಕೆಲಸ ಹೋದ್ರೆ ಕೋಣೆ ಹೋಗುತ್ತೆ. ಕೋಣೆ ಹೋದ್ರೆ ವಿಳಾಸ ಹೋಗುತ್ತೆ. ವಿಳಾಸ ಇಲ್ಲದೆ ಸಾಲಲ್ಲಿ ನಿಂತು ಏನು ಮಾಡ್ಲಿ, ಗಾಳಿ ಕುಡೀಲಾ?"

ತಾಯಿ ಸಹಿ ಮಾಡಿದ ಪತ್ರವಿದ್ದರೆ ತಾತನೂ ಮಗುವನ್ನು ಸೇರಿಸಬಹುದು ಎಂದು ನಿಯಮವಿತ್ತು. ಪುಟ್ಟಿ ಅಜ್ಜಿಯ ಮಡಿಲಲ್ಲಿ ಕೂತು ಎಲ್ಲ ಕೇಳಿಸಿಕೊಂಡು, "ತಾತ, ನೀನು ನಿಂತ್ರೆ ನಾನು ಶಾಲೆಗೆ ಹೋಗ್ತೀನಿ, ಹಾಗಾದ್ರೆ ನಾನು ಹೋದ್ರೆ ನೀನು ಕೂತ್ಕೋತೀಯಾ?" ಎಂದಳು.

ಶಾಲೆಗೆ ಸೇರಿಸಿಕೊಳ್ಳುವ ಸೋಮವಾರಕ್ಕೆ ಅವನನ್ನು ಮೂರು ಮನೆಯವರು ಮೊದಲೇ ಕೇಳಿದ್ದರು. ಮೂವರಿಗೂ ಇಲ್ಲ ಎಂದ. ಕಸುಬಿನಲ್ಲಿ ಅವನು ಇಲ್ಲ ಎಂದದ್ದು ಅದೇ ಮೊದಲು.

ಸೋಮವಾರ ಬೆಳಿಗ್ಗೆ ಅವನ ಲೆಕ್ಕವೆಲ್ಲ ಬೂಟಿನಿಂದ ತಪ್ಪಿತು. ನಿಲ್ಲುವ ಕೆಲಸಕ್ಕೆ ಹಾಕುವ ಸಡಿಲ ಚಪ್ಪಲಿ ಬಾಗಿಲಲ್ಲೇ ಇದ್ದರೂ, "ಇವತ್ತು ನಾನು ಗಿರಾಕಿ ಕಣೇ" ಎಂದು ಮಗಳ ಮದುವೆಗೆ ಕೊಂಡಿದ್ದ ಕಪ್ಪು ಬೂಟನ್ನು ಪೆಟ್ಟಿಗೆಯ ತಳದಿಂದ ತೆಗೆಸಿದ. ಕಾಲು ಈ ಏಳು ವರ್ಷಗಳಲ್ಲಿ ಅಗಲವಾಗಿತ್ತು, ಬೂಟು ಮಾತ್ರ ಮದುವೆಯ ದಿನದಷ್ಟೇ ಇತ್ತು. ಒಂದೊಂದು ಕಾಲಿಗೂ ಗಂಡಹೆಂಡಿರಿಬ್ಬರೂ ಸೇರಿ ಹೆಣಗಿದರು. ಅವನು ಶಾಲೆಯ ಗೇಟಿಗೆ ಕುಂಟುತ್ತ ಬಂದಾಗ ಐದೂವರೆ. ಮುಂದೆ ಮೂವತ್ತೆಂಟು ಜನ. ಅವನು ಮೂವತ್ತೊಂಬತ್ತನೆಯವನು. ಮಗಳಿಗೆ ಫೋನಿನಲ್ಲಿ ಅದನ್ನೇ ತಿಳಿಸಿ, ಬೆವರು ಒರೆಸಿಕೊಂಡ. ಮೂವತ್ತೆಂಟೂ ಅವನಿಗೆ ಗೊತ್ತಿದ್ದ ಮುಖಗಳೇ. ಒಬ್ಬರ ಮನೆಯಲ್ಲೂ ಒಂದನೇ ತರಗತಿಯ ಮಗುವಿರಲಿಲ್ಲ.

ಅವನ ಹಿಂದೆ ಬಂದು ನಿಂತವರು ಮೇಷ್ಟ್ರು. ಕಾಲುವೆಯಾಚೆಯ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾಗಿ, ಪಿಂಚಣಿ ಸಾಲದೆ ಈ ಕಸುಬಿಗೆ ಇಳಿದವರು. ಅವರ ಹಿಂದೆ, ನಲವತ್ತೊಂದನೆಯವಳಾಗಿ, ಮಡಚುವ ಕುರ್ಚಿ ಹೊತ್ತು ಕುರ್ಚಿಯಮ್ಮ ಬಂದಳು. ನಿಲ್ಲುವವರು ಕೂರಬಾರದು ಎಂದು ಕಂಬಣ್ಣ, ಸಾಲು ನೋಡುವುದು ಜಾಗವನ್ನೇ ಹೊರತು ಮಂಡಿಯನ್ನಲ್ಲ ಎಂದು ಅವಳು, ಹದಿನೈದು ವರ್ಷದಿಂದ ಜಗಳವಾಡುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದವಳು. ಯಂತ್ರ ಬಂದು ಅವಳ ಜಾಗದಲ್ಲಿ ಕೂತ ಮೇಲೆ, ಇವಳು ಬೇರೆಯವರ ಜಾಗದಲ್ಲಿ ಕೂರತೊಡಗಿದ್ದಳು.

"ಏನಪ್ಪ ಕಂಬಣ್ಣ, ಮದುವೆ ಗಂಡಿನ ಹಾಗೆ ಬಂದಿದ್ದೀಯ. ಯಾರಿಗೆ ನಿಂತಿದ್ದೀಯ?" ಎಂದಳು ಅವಳು.

"ನನಗೇ."

ಮೇಷ್ಟ್ರು ಪತ್ರಿಕೆಯಿಂದ ತಲೆ ಎತ್ತಿದರು. "ಹೇಳಬಾರದ ಗಿರಾಕಿ ಇರಬೇಕು. ಯಾರೋ ಮಂತ್ರಿ."

"ಮಂತ್ರಿ ಅಲ್ಲ ಮೇಷ್ಟ್ರೇ, ನನ್ನ ಮೊಮ್ಮಗಳು."

"ಮಂತ್ರಿಯ ಮೊಮ್ಮಗಳು" ಎಂದು ಮುಂದಿನವನು ತನ್ನ ಮುಂದಿನವನಿಗೆ ಹೇಳಿದ. ಐದು ನಿಮಿಷದಲ್ಲಿ ಆ ಮಾತು ಗೇಟು ಮುಟ್ಟಿತು. ಕಾವಲುಗಾರ ಟೋಪಿ ಸರಿಮಾಡಿಕೊಂಡು ಸಾಲಿನುದ್ದಕ್ಕೂ ಒಮ್ಮೆ ಕಣ್ಣಾಡಿಸಿದ.

"ನಲವತ್ತೊಂದಕ್ಕೆ ಬಂದು ನಿಂತಿದ್ದೀಯಲ್ಲ, ನಿನಗೆ ಸೀಟು ಎಲ್ಲಿಂದ ಬರಬೇಕು?" ಎಂದು ಕಂಬಣ್ಣ ಕುರ್ಚಿಯಮ್ಮನನ್ನು ಕೇಳಿದ.

"ನನ್ನ ಗಿರಾಕಿಗೂ ಹಾಗೇ ಹೇಳ್ದೆ. ಪರವಾಗಿಲ್ಲ, ಯಾರಾದ್ರೂ ಬಿಟ್ಟುಹೋದ್ರೆ ಸಿಗುತ್ತೆ ನಿಂತಿರಿ ಅಂದ್ಲು. ಸಿಕ್ಕಿದ್ರೆ ಎರಡು ಪಟ್ಟು ಕೊಡ್ತಾಳಂತೆ. ನನಗೇನು, ಇಲ್ಲೂ ಕೂರೋದು, ಮನೇಲೂ ಕೂರೋದು."

ಕಂಬಣ್ಣ ಮೇಷ್ಟ್ರ ಕಡೆ ತಿರುಗಿದ. "ಮೇಷ್ಟ್ರೇ, ನಿಜ ಹೇಳಿ. ಇಲ್ಲಿ ಸಿಗದೇ ಹೋದ್ರೆ ನಿಮ್ಮ ಶಾಲೆಗೆ ಹಾಕಬಹುದಾ?"

ಅವರು ಪತ್ರಿಕೆ ಮಡಚಿದರು. "ನಾನು ಬಿಡೋ ಹೊತ್ತಿಗೆ ಮೂರು ತರಗತಿಗೆ ಒಂದೇ ಕೋಣೆ, ಒಬ್ಬನೇ ನಾನು. ಎಡಗಡೆ ಮಗ್ಗಿ, ಬಲಗಡೆ ಅಕ್ಷರ, ನಡುವೆ ಭೂಗೋಳ. ನಡುವಿನ ಮಕ್ಕಳು ಬುದ್ಧಿವಂತರಾದ್ರು, ಎರಡೂ ಕಡೆಯದು ಕೇಳಿಸ್ತಿತ್ತಲ್ಲ. ಅಂಚಿನಲ್ಲಿದ್ದವರು ಕಿಟಕಿ ಆಚೆ ನೋಡಿ ಲಾರಿ ಎಣಿಸೋದು ಕಲಿತ್ರು." ಪತ್ರಿಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೇಳಿದರು, "ಇಲ್ಲೇ ಸಿಗಲಿ ಕಂಬಣ್ಣ. ಇಲ್ಲೇ ಸಿಗಬೇಕು."

ಆ ಮಾತು ಒಳಗೆ ಹೋಗಿ ಕೂತಿತು. ಅಲ್ಲಿಂದ ಕಂಬಣ್ಣನಿಗೆ ನಿಲ್ಲಲು ಬರದಾಯಿತು. ಬೇರೆಯವರಿಗೆ ನಿಂತಾಗ ಅವನಿಗೆ ಹೊತ್ತು ಎಂಬುದೇ ತಿಳಿಯುತ್ತಿರಲಿಲ್ಲ. ಕಾಲುಗಳನ್ನು ಅಲ್ಲಿ ಬಿಟ್ಟು ಮನಸ್ಸು ಎಲ್ಲೆಲ್ಲೋ ಅಡ್ಡಾಡಿ ಬರುತ್ತಿತ್ತು. ಇವತ್ತು ಹತ್ತು ನಿಮಿಷಕ್ಕೊಮ್ಮೆ ಗಂಟೆ ಕೇಳಿದ. ಮುಂದಿನ ತಲೆಗಳನ್ನು ಎಣಿಸಿದ, ಮೂವತ್ತೆಂಟು. ಅನುಮಾನ ಬಂದು ಮತ್ತೆ ಎಣಿಸಿದ, ಮೂವತ್ತೊಂಬತ್ತು. ಮೂರನೇ ಸಲ ಎಣಿಸುವಾಗ ಹೆಚ್ಚಿನ ಒಂದು ತಲೆ ಹಾಲಿನವನದೆಂದು ತಿಳಿಯಿತು. ಯಾರು ಕೆಮ್ಮಿದರೂ ಜಾಗ ಕದಿಯಲು ಕೆಮ್ಮುತ್ತಿದ್ದಾರೆ ಎನಿಸಿತು. ಬೂಟಿನೊಳಗೆ ಕಿರುಬೆರಳು ಕೂಗಾಡುತ್ತಿತ್ತು.

"ಕುರ್ಚಿ ಬೇಕಾ?" ಎಂದಳು ಕುರ್ಚಿಯಮ್ಮ.

"ಬೇಡ."

"ಮುಖ ನೋಡಿದ್ರೆ ಬೇಕು ಅನ್ನುತ್ತೆ."

"ಮುಖಕ್ಕೆ ಬೇಕು, ನನಗೆ ಬೇಡ."

ಎಂಟೂವರೆಗೆ ಹೆಡ್‌ಮಿಸ್ಟ್ರೆಸ್ ಹೊರಗೆ ಬಂದರು. ಈ ವರ್ಷವಷ್ಟೇ ಬಂದ, ಒಳ್ಳೆಯ ಮನಸ್ಸಿನ ಹೆಂಗಸು. ಉದ್ದನೆಯ ಸಾಲನ್ನು ನೋಡಿ ಅವರ ಕಣ್ಣು ತುಂಬಿದಂತೆ ಕಂಡಿತು. "ಪ್ರಿಯ ಪೋಷಕರೇ, ನಮ್ಮ ಶಾಲೆಯ ಹೆಮ್ಮೆ ಅಂದರೆ ಸಮಾನತೆ. ಇಲ್ಲಿ ಹಣಕ್ಕೆ ಬೆಲೆ ಇಲ್ಲ. ಮಗುವಿಗೋಸ್ಕರ ನಿದ್ದೆಗೆಟ್ಟು ಬಂದು ನಿಲ್ಲುವ ಪ್ರೀತಿಗೆ ಬೆಲೆ" ಎಂದರು. ನಿದ್ದೆಗೆಟ್ಟವರು ಮನಸಾರೆ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದ್ದು, ಮದುವೆಯೇ ಆಗದ ಹನ್ನೆರಡನೇ ನಂಬರಿನವನು.

ಒಂಬತ್ತಕ್ಕೆ ಕಿಟಕಿ ತೆರೆಯಿತು. ಒಬ್ಬೊಬ್ಬರಿಗೆ ನಾಲ್ಕೈದು ನಿಮಿಷ. ಸರದಿ ಹತ್ತಿರವಾದವರು ಫೋನು ಮಾಡುತ್ತಿದ್ದರು, ಕಾರು ಬರುತ್ತಿತ್ತು, ಎಡಕ್ಕೆ ಎರಡು ಹೆಜ್ಜೆ, ಬನ್ನಿ ಸಾರ್, ಬನ್ನಿ ಮೇಡಂ. ಸೋಪಿನ ಪರಿಮಳದವರು ಒಳಗೆ ಬಂದ ಹಾಗೆ ಬೆವರಿನವರು ಹೊರಗೆ ಹೋದರು. ಹನ್ನೊಂದೂವರೆ ಹೊತ್ತಿಗೆ ಸಾಲು ನಿಂತಲ್ಲೇ ಬಟ್ಟೆ ಬದಲಾಯಿಸಿಕೊಂಡಿತ್ತು. ಮೇಷ್ಟ್ರ ಜಾಗಕ್ಕೂ ಒಬ್ಬ ಸಂಭಾವಿತರು ಬಂದರು. ಕಿವಿಯಲ್ಲಿ ಸಿಕ್ಕಿಸಿಕೊಂಡ ಫೋನಿಗೆ ಯಾವುದೋ ಷೇರಿನ ಸಂಕಟ ಹೇಳಿಕೊಳ್ಳುತ್ತಲೇ ಮೇಷ್ಟ್ರ ಕೈಗೆ ಒಂದು ಲಕೋಟೆ ಕೊಟ್ಟರು. ಮೇಷ್ಟ್ರು ಕಂಬಣ್ಣನ ಭುಜ ತಟ್ಟಿ ಹೊರಟುಹೋದರು.

ಸಂಭಾವಿತರು ಫೋನಿನಿಂದ ಒಂದು ಗಳಿಗೆ ಬಿಡುವು ಮಾಡಿಕೊಂಡು ಕಂಬಣ್ಣನನ್ನು ವಿಚಾರಿಸಿದರು. "ನಿಮ್ಮವರು ಇನ್ನೂ ಬರಲಿಲ್ವಾ?"

"ನಾನೇ ನಮ್ಮವನು ಸಾರ್" ಎಂದ ಕಂಬಣ್ಣ. ಅವರು ನಕ್ಕು ಮತ್ತೆ ಷೇರಿಗೆ ಹೋದರು.

ಕಡೆಗೂ ಮೂವತ್ತೆಂಟನೆಯವರು ಕಾಗದ ಮಡಚಿಕೊಂಡು ಕಿಟಕಿ ಬಿಟ್ಟರು. ಕಂಬಣ್ಣ ಅಂಗಿಯ ಜೇಬು ಮುಟ್ಟಿ ನೋಡಿಕೊಂಡ. ಜನನ ಪತ್ರ, ಬಾಡಿಗೆ ಪತ್ರ, ಮಗಳ ಸಹಿ, ಎಲ್ಲ ಇದ್ದವು. ಗುಮಾಸ್ತೆ ತಲೆ ಎತ್ತದೆ, "ಮುಂದಿನವರು" ಎಂದಳು.

ಆಗ ಅವನ ಕಾಲು ಎಡಕ್ಕೆ ಎರಡು ಹೆಜ್ಜೆ ಇಟ್ಟಿತು. ಬಲಗೈ ಮುಂದೆ ಚಾಚಿತು. "ಬನ್ನಿ ಸಾರ್" ಎಂದಿತು ಬಾಯಿ. ಅಷ್ಟು ಚೆಂದವಾಗಿ ಅವನು ಆ ಕೆಲಸವನ್ನು ಹಿಂದೆಂದೂ ಮಾಡಿರಲಿಲ್ಲ.

ಸಂಭಾವಿತರು "ಥ್ಯಾಂಕ್ಸ್" ಎಂದು ಕಿಟಕಿಗೆ ಹೋಗಿ ಕಾಗದ ಹರಡಿದರು.

ಕಂಬಣ್ಣನಿಗೆ ತಾನು ಏನು ಮಾಡಿದೆನೆಂದು ತಿಳಿಯಲು ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು. ಚಾಚಿದ ಕೈ ಹಾಗೇ ಇತ್ತು. "ಸಾರ್, ಅದು ನನ್ನ ಸರದಿ" ಎಂದ.

"ನೀವೇ ಕರೆದ್ರಲ್ಲ" ಎಂದರು ಅವರು, ಕೋಪವಿಲ್ಲದೆ. "ನಿಮ್ಮ ಯಜಮಾನರು ಬೈದರೆ ನನ್ನ ಹೆಸರು ಹೇಳಿ, ನಾನು ಮಾತಾಡ್ತೀನಿ."

"ಅಮ್ಮ, ನಾನು ಇಲ್ಲೇ ನಿಂತಿದ್ದೆ" ಎಂದು ಗುಮಾಸ್ತೆಗೆ ಹೇಳಿದ.

"ನೋಡಿ ತಾತ, ಸಾಲು ನಿಮ್ಮದು, ಕಿಟಕಿ ನನ್ನದು. ಕಿಟಕಿ ಮುಂದೆ ಯಾರ ಮುಖ ಇದೆಯೋ ಅವರ ಕಾಗದ ತಗೊಳ್ತೀನಿ. ಇದು ಮೂವತ್ತೊಂಬತ್ತು. ಇನ್ನೊಂದೇ ಇರೋದು."

ಇನ್ನೊಂದು ಯಾರದೆಂದು ನೋಡಬೇಕಾಗಿರಲಿಲ್ಲ. ಕುರ್ಚಿಯಮ್ಮ ಎದ್ದು ನಿಂತು ಕುರ್ಚಿ ಮಡಚುತ್ತಿದ್ದಳು. ಅವಳ ಗಿರಾಕಿ ಹೇಳಿದ್ದ ಹಾಗೆಯೇ ಆಗಿತ್ತು, ಯಾರೋ ಒಬ್ಬರು ಜಾಗ ಬಿಟ್ಟಿದ್ದರು.

"ಕುರ್ಚಿಯಮ್ಮ" ಎಂದ.

"ಬಿಟ್ಟ ಜಾಗ ಬಿಟ್ಟದ್ದೇ ಅಂತ ನನಗೆ ಕಲಿಸಿದ್ದು ಯಾರು? ಪಾಸ್‌ಪೋರ್ಟ್ ಆಫೀಸಿನ ಮುಂದೆ, ನಾನು ಒಂದೇ ಒಂದು ನಿಮಿಷ ಬಚ್ಚಲಿಗೆ ಹೋಗಿ ಬಂದಾಗ, ಬಾಲಕ್ಕೆ ಕಳಿಸಿದ್ದು ಯಾರು?"

"ನಾನೇ."

"ಅವತ್ತು ಎಷ್ಟು ಜನ ಇದ್ರು ನೆನಪಿದೆಯಾ?"

"ಅರವತ್ತು."

"ಎಂಬತ್ತು" ಎಂದು ಅವಳು ಫೋನು ತೆಗೆದು ಗಿರಾಕಿಗೆ ಮಾಡಿದಳು. ಆಚೆಯ ಸ್ವರ ಕಂಬಣ್ಣನಿಗೂ ಕೇಳಿಸಿತು. ಕಾರು ನಿಲ್ಲಿಸಲು ಜಾಗ ಸಿಗುತ್ತಿಲ್ಲ, ಐದು ನಿಮಿಷ ಎಳೆದಾಡಿ.

ಸಂಭಾವಿತರು ಹೋದರು. ಕುರ್ಚಿಯಮ್ಮ ಕಿಟಕಿಗೆ ಮುಖ ಒಡ್ಡಿದಳು. ಎಳೆದಾಡುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಕನ್ನಡಕ ಹುಡುಕಿದಳು, ಸಿಕ್ಕ ಮೇಲೆ ಒರೆಸಿದಳು. ಇದೇ ಕಿಟಕಿಯಾ ಎಂದು ಕೇಳಿದಳು, ಬೇರೆ ಕಿಟಕಿಯೇ ಇರಲಿಲ್ಲ. ಗುಮಾಸ್ತೆಯ ಕೈಬಳೆ ಎಲ್ಲಿ ಕೊಂಡದ್ದೆಂದು ವಿಚಾರಿಸಿದಳು. ಕಂಬಣ್ಣ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಆ ಕೋಣೆ, ಆ ಬಾಡಿಗೆ, ಆವಿ ತುಂಬಿದ ಲಾಂಡ್ರಿಯಲ್ಲಿ ಕೆಂಪಾದ ಮಗಳ ಕೈಗಳು, ಎಲ್ಲವನ್ನೂ ತಾನು ಎರಡು ಹೆಜ್ಜೆಯಲ್ಲಿ ಯಾರಿಗೋ ದಾಟಿಸಿಬಿಟ್ಟಿದ್ದ. ಅವನು ಅಳಲಿಲ್ಲ. ನಿಲ್ಲುವುದನ್ನು ಮಾತ್ರ ಮರೆತ, ಗೋಡೆಗೆ ಒರಗಿ ಮೆಲ್ಲನೆ ಕುಸಿದು ನೆಲದ ಮೇಲೆ ಕೂತ.

ಇಪ್ಪತ್ತೆರಡು ವರ್ಷದಲ್ಲಿ ಸಾಲಿನ ಪಕ್ಕ ಕಂಬಣ್ಣ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಕುರ್ಚಿಯಮ್ಮ ತಿರುಗಿ ನೋಡಿದಳು. ಬಳೆಯ ಮಾತು ಅರ್ಧಕ್ಕೆ ನಿಂತಿತು.

"ಪೋಷಕರು ಎಲ್ಲಮ್ಮ? ಇಲ್ಲದಿದ್ರೆ ಹಿಂದಿನವರನ್ನ ಕರೀತೀನಿ" ಎಂದಳು ಗುಮಾಸ್ತೆ.

ಕುರ್ಚಿಯಮ್ಮ ಎಡಕ್ಕೆ ಎರಡು ಹೆಜ್ಜೆ ಇಟ್ಟಳು. ಬಲಗೈ ಚಾಚಿದಳು. "ಬನ್ನಿ ಸಾರ್" ಎಂದಳು, ಗೋಡೆಯ ಕಡೆ ನೋಡಿ.

ಕಂಬಣ್ಣ ತನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದ. ಗೋಡೆ ಇತ್ತು.

"ನಿಮ್ಮನ್ನೇ ಸಾರ್. ಬೇಗ ಬನ್ನಿ, ನನಗೆ ಬೇರೆ ಕೆಲಸ ಇದೆ."

ಅವನು ಏಳುವಷ್ಟರಲ್ಲಿ ನಲವತ್ತೆರಡನೆಯ ಮಹಿಳೆ ತಡೆದರು. "ಇದ್ಯಾವ ನ್ಯಾಯ? ಈತ ಬೆಳಗಿಂದ ನಿಮ್ಮ ಮುಂದೆಯೇ ನಿಂತಿದ್ದನ್ನ ನಮ್ಮವನೂ ನೋಡಿದ್ದಾನೆ. ನೀವು ನಿಂತಿದ್ದು ಈತನಿಗಾ?"

"ಹೌದಮ್ಮ. ನಾನು ನಿಂತಿದ್ದು ಇವರಿಗೇ. ತುಂಬ ಅವಸರದ ಗಿರಾಕಿ, ನನ್ನ ಮೇಲೆ ನಂಬಿಕೆ ಇಲ್ಲದೆ ತಾವೇ ಬಂದು ಮುಂದೆ ನಿಂತುಬಿಟ್ರು. ಇಂಥವರೂ ಇರ್ತಾರೆ, ಏನು ಮಾಡೋದು."

ಆ ಮಹಿಳೆ ತಮ್ಮ ಬಾಡಿಗೆಯವನಿಗಾಗಿ ಸುತ್ತ ನೋಡಿದರು. ಅವನು ಆಗಲೇ ಕೂಲಿ ತೆಗೆದುಕೊಂಡು ಹೊರಟುಹೋಗಿದ್ದ. ಗುಮಾಸ್ತೆ ಕೈ ಚಾಚಿದಳು. ಕಂಬಣ್ಣ ಕಾಗದ ಕೊಟ್ಟ. "ಮಗುವಿಗೆ ನೀವು ಏನಾಗಬೇಕು?" ಎಂದು ಅವಳು ಕೇಳಿದಾಗ, "ತಾತ" ಎಂದ. ಇನ್ನೊಂದು ಸಲ, ಅವಳು ಕೇಳದಿದ್ದರೂ, "ತಾತ" ಎಂದ. ಮೊಹರು ಬಿತ್ತು. ಕಿಟಕಿ ಮುಚ್ಚಿತು.

ಗೇಟಿನ ಹೊರಗೆ ಕುರ್ಚಿಯಮ್ಮನ ಗಿರಾಕಿ ಕಾರಿನ ಬೀಗದ ಕೈ ಬೆರಳಲ್ಲಿ ತಿರುಗಿಸುತ್ತ ಎದುರಾದಳು. "ಏನಾಯ್ತು?"

"ನಲವತ್ತಕ್ಕೆ ಮುಗೀತು ಮೇಡಂ. ನೀವು ನಲವತ್ತೊಂದು."

"ಓ, ಸರಿ. ಬೇರೆ ಎರಡು ಶಾಲೇಲಿ ಸೀಟು ತಗೊಂಡಿದ್ದೀವಿ, ಅಲ್ಲೂ ಈಜುಕೊಳ ಇದೆ. ಇದನ್ನೂ ಒಂದು ನೋಡೋಣ ಅಂತ ಅಷ್ಟೆ" ಎಂದು ಅವಳು ಕೂಲಿಯನ್ನಷ್ಟೆ ಕೊಟ್ಟು, ನಗುತ್ತಲೇ ಕಾರು ಹತ್ತಿದಳು. ಇಬ್ಬರೂ ಆ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದರು.

"ಎರಡು ಪಟ್ಟು ಬರ್ತಿತ್ತಲ್ಲ ನಿನಗೆ" ಎಂದ ಕಂಬಣ್ಣ.

"ಬರ್ತಿತ್ತು. ಬಾಯಿ ಮುಚ್ಕೊಂಡು ಆ ಬೂಟು ಬಿಚ್ಚು, ನೋಡಕ್ಕಾಗ್ತಿಲ್ಲ."

ಪಕ್ಕದ ಕಟ್ಟೆಯ ಮೇಲೆ ಕೂತು ಅವನು ಬೂಟು ಬಿಚ್ಚುತ್ತಿರುವಾಗ ಮಗಳ ಫೋನು ಬಂತು. ಊಟದ ಬಿಡುವು. ಹಿಂದೆ ಯಂತ್ರಗಳು ಗುಡುಗುತ್ತಿದ್ದವು.

"ಅಪ್ಪ, ಏನಾಯ್ತು?"

"ಸಿಕ್ತಮ್ಮ. ನಲವತ್ತನೇ ಸೀಟು."

ಅವಳ ಕಡೆಯಿಂದ ಮೂಗು ಏರಿಸಿಕೊಂಡ ಸದ್ದು. ಆಮೇಲೆ ಅನುಮಾನ. "ಮೂವತ್ತೊಂಬತ್ತು ಅಂದಿದ್ಯಲ್ಲ ಬೆಳಿಗ್ಗೆ?"

ಕಂಬಣ್ಣ ಕುರ್ಚಿಯಮ್ಮನ ಮುಖ ನೋಡಿದ. ಅವಳು ರಸ್ತೆ ನೋಡಿದಳು.

"ಒಬ್ಬರಿಗೆ ಜಾಗ ಬಿಟ್ಟುಕೊಟ್ಟೆ" ಎಂದ.

"ಬಿಟ್ಟುಕೊಟ್ಯಾ? ನಮ್ಮ ಜಾಗಾನ?"

"ಕೈ ತಪ್ಪಿ."

ಮಗಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ಆ ಗದ್ದಲದಲ್ಲಿ ತಿಳಿಯಲಿಲ್ಲ. ಕಡೆಗೆ ಹೇಳಿದಳು, "ಪುಟ್ಟಿ ಮುಂದೆ ಮಾತ್ರ ಹಾಗೆ ಮಾಡಬೇಡ ಅಪ್ಪ. ಕಲಿತುಬಿಡ್ತಾಳೆ."

"ಇಲ್ಲಮ್ಮ" ಎಂದ ಕಂಬಣ್ಣ, "ಮಾಡಲ್ಲ." ಮೊಹರಿನ ಕಾಗದವನ್ನು ತೆಗೆದು, ಶೀಷೆಯನ್ನು ನೋಡುತ್ತಿದ್ದಂತೆ ಬಿಸಿಲಿಗೆ ಹಿಡಿದು, ಮೂಲೆಯಿಂದ ಮೂಲೆಗೆ ನಿಧಾನವಾಗಿ ನೋಡಿದ. ಎಲ್ಲ ಸರಿಯಿತ್ತು. ಮಡಚಿ ಒಳಜೇಬಿಗೆ ಇಟ್ಟು, ಬರಿಗಾಲಲ್ಲಿ ಮನೆಯ ದಾರಿ ಹಿಡಿದ.